ಕೇಳಿಸಬಾರದ ಹೆಜ್ಜೆ

ಪಾತ್ರೆಯ ಮುಚ್ಚಳವನ್ನು ಕಲ್ಲಿನ ಕಟ್ಟೆಯ ಮೇಲೆ ಇಡುವಾಗ ಅವಳು ಮೊದಲು ಕಿರುಬೆರಳನ್ನು ಕೆಳಗಿಡುತ್ತಿದ್ದಳು. ಬೆರಳಿನ ಮೇಲೆ ಮುಚ್ಚಳ. ಆಮೇಲೆ ಬೆರಳನ್ನು ಮೆಲ್ಲಗೆ ಎಳೆದುಕೊಂಡರೆ ಲೋಹಕ್ಕೂ ಕಲ್ಲಿಗೂ ಗೊತ್ತಾಗದ ಹಾಗೆ ಅವೆರಡೂ ತಾಗಿ ಕೂತುಬಿಡುತ್ತಿದ್ದವು. ಯಾರೂ ಹೇಳಿಕೊಟ್ಟದ್ದಲ್ಲ. ಗಂಡನ ಮನೆಯಿಂದ ವಾಪಸು ಬಂದು ಅಣ್ಣನ ಮನೆಯಲ್ಲಿ ಇರತೊಡಗಿದ ಮೇಲೆ ಕೈಕಾಲುಗಳು ತಾವಾಗಿ ಕಲಿತದ್ದು. ಚಿಲಕ ತೆಗೆಯುವಾಗ ಬಾಗಿಲನ್ನು ಒಂದಿಷ್ಟು ಎತ್ತಿ ಹಿಡಿಯುವುದು, ನಲ್ಲಿಯ ಕೆಳಗೆ ಬಕೆಟ್ಟನ್ನು ಓರೆಯಾಗಿಟ್ಟು ನೀರು ಅದರ ಒಳಮೈಗುಂಟ ಇಳಿಯುವಂತೆ ಮಾಡುವುದು, ಸೀನು ಬಂದರೆ ಮೂಗಿನ ಬುಡ ಒತ್ತಿ ಅದನ್ನು ಬಂದ ದಾರಿಗೇ ಕಳಿಸುವುದು. ಸದ್ದು ಮಾಡಿದರೆ ಈ ಮನೆಯಲ್ಲಿ ಯಾರೂ ಬೈಯುತ್ತಿರಲಿಲ್ಲ. ತಾನು ಇದ್ದೇನೆ ಎಂಬುದು ಮನೆಗೆ ನೆನಪಾಗುತ್ತಿತ್ತು, ನೆನಪಾದದ್ದು ಅತ್ತಿಗೆಯ ಮುಖದ ಮೇಲೆ ಒಂದು ಗಳಿಗೆ ಕಾಣುತ್ತಿತ್ತು, ಅಷ್ಟೆ. ಮನೆಗೆ ಬಂದವರು ‘ಇವರು ಯಾರು’ ಎಂದು ಕೇಳಿದರೆ ಅತ್ತಿಗೆ, ‘ಇವರ ತಂಗಿ, ನಾಲ್ಕು ದಿನ ಇರೋಕೆ ಬಂದಿದಾಳೆ’ ಎನ್ನುತ್ತಿದ್ದಳು. ಮುಂದಿನ ವರ್ಷ ಅದೇ ಜನ ಬಂದಾಗಲೂ ಹಾಗೆಯೇ ಅಂದಿದ್ದಳು. ಆ ನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ. ಇವತ್ತು ಬೆಳಿಗ್ಗೆ ಎದ್ದಾಗಿನಿಂದ ಗಂಟಲಲ್ಲಿ ಏನೋ ಕೆರೆಯುತ್ತಿತ್ತು. ಬಿಸಿನೀರು ಕುಡಿದಳು, ಇನ್ನೊಮ್ಮೆ ಕಾಯಿಸಿ ಕುಡಿದಳು. ಇನ್ಯಾವ ದಿನ ಬೇಕಾದರೂ ಕೆಮ್ಮಬಹುದು, ಊರೆಲ್ಲ ಕೇಳುವ ಹಾಗೆ ಕೆಮ್ಮಬಹುದು, ಇವತ್ತು ಮಾತ್ರ ಆಗದು.

ಹಿಂದಿನಿಂದ ಅತ್ತಿಗೆ ಅಡುಗೆಮನೆಗೆ ಕಾಲಿಟ್ಟವಳು ಅವಳನ್ನು ಕಂಡು ಬಾಗಿಲನ್ನೇ ಹಿಡಿದುಕೊಂಡಳು. “ಅಯ್ಯೋ, ಯಾವಾಗ ಬಂದೆ ನೀನು? ಎದೆ ಧಸಕ್ ಅಂತು ನೋಡು.”

“ಆಗಲೇ ಬಂದೆ ಅತ್ತಿಗೆ.”

“ಬೆಕ್ಕಿನ ಜಾತಿ ನಿಂದು. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತಾರಲ್ಲ, ಒಂದಿನ ನಾನೇ ಕಟ್ಟಿಬಿಡ್ತೀನಿ.” ಅತ್ತಿಗೆ ನಗುತ್ತಲೇ ಅಂದಳು. ಅವಳೂ ನಕ್ಕಳು. ನಗುವಿನ ಕೊನೆಯಲ್ಲಿ ಗಂಟಲು ಕೆರೆಯಿತು, ನುಂಗಿಕೊಂಡಳು.

ಅಣ್ಣ ತಲೆ ಒರೆಸಿಕೊಳ್ಳುತ್ತ ಬಂದ. ಬಾಡಿಗೆಗೆ ಮೈಕು, ಸ್ಪೀಕರು ಕೊಡುವ ಅಂಗಡಿ ಅವನದು. ಆ ಕಸುಬಿನಿಂದ ದನಿ ದೊಡ್ಡದಾಯಿತೋ, ದೊಡ್ಡ ದನಿಯವನೆಂದೇ ಆ ಕಸುಬು ಹಿಡಿದನೋ, ಪಕ್ಕದಲ್ಲಿ ಕೂತವರ ಜೊತೆಗೂ ಅವನು ಬಯಲಿಗೆ ಮಾತಾಡುವ ಹಾಗೆ ಮಾತಾಡುತ್ತಿದ್ದ. “ಏನು ಪುಟ್ಟಿ, ಇವತ್ತೂ ಬೀದಿ ಸುತ್ತೋ ಕೆಲಸನಾ? ಕಣ್ಣಿಲ್ಲದ ಹುಡುಗಿ ಮುಂದೆ, ಕಣ್ಣಿರೋಳು ಹಿಂದೆ. ಇದಕ್ಕೆ ಡಿಗ್ರಿ ಬೇಕಾಗಿತ್ತಾ?” ಅವನ ಮಾತಿನಲ್ಲಿ ವಿಷವಿರಲಿಲ್ಲ. ವಿಷವಿದ್ದಿದ್ದರೆ ಉತ್ತರವೂ ಹೊಳೆಯುತ್ತಿತ್ತೇನೋ. ಒಂದು ಪ್ರಶ್ನೆ ಮಾತ್ರ ಅವಳ ನಾಲಿಗೆಯ ತುದಿಯವರೆಗೆ ಬಂದಿತ್ತು: ಇವತ್ತು ಬೆಳಿಗ್ಗೆ ಅಂಗಡಿ ತೆಗೀತೀಯಾ ಅಣ್ಣ? ಹೋದ ವಾರ ಹುಡುಗಿಯ ಹಿಂದೆ ಅದೇ ದಾರಿಯಲ್ಲಿ ಹೋದಾಗ ಅಂಗಡಿ ಮುಚ್ಚಿತ್ತು, ಅಣ್ಣ ಎಲ್ಲೋ ಸಭೆಗೆ ಮೈಕು ಕಟ್ಟಲು ಹೋಗಿದ್ದ. ಕೇಳಿದರೆ ಯಾಕೆ ಎನ್ನುತ್ತಾನೆ, ಯಾಕೆಂದು ಹೇಳಬೇಕು, ಹೇಳಿದರೆ ಅಂಗಡಿಯ ಬಾಗಿಲಲ್ಲಿ ನಿಂತು ಕಾಯುತ್ತಾನೆ, ಬೀದಿಯವರನ್ನೆಲ್ಲ ಕರೆದು ತೋರಿಸುತ್ತಾನೆ. ಪ್ರಶ್ನೆಯೂ ಸೀನಿನ ಹಾಗೆ ಬಂದ ದಾರಿಗೇ ಹೋಯಿತು. ಲೋಟವನ್ನು ಕಿರುಬೆರಳಿನ ಮೇಲೆ ಇಳಿಸಿ ಅವಳು ಹೊರಟಳು.

ಹೋದ ವಾರ ಬೀದಿಯಲ್ಲಿ ಅವಳು ಕೆಮ್ಮಿದ್ದು ನಿಜವಾದ ಕೆಮ್ಮೇ ಆಗಿರಲಿಲ್ಲ. ಒಂದು ಬೈಕು ಬಲಗಡೆಯಿಂದ ಬರುತ್ತಿತ್ತು, ಹುಡುಗಿಯ ಬಿಳಿ ಕೋಲು ಫುಟ್‌ಪಾತಿನ ಅಂಚು ದಾಟಿ ರಸ್ತೆಗೆ ಇಳಿದಿತ್ತು, ಮುಂದಿನ ಪಾದದ ಹಿಮ್ಮಡಿ ಎದ್ದಿತ್ತು. ಅವಳು ಕೆಮ್ಮಿದಳು. ಪಾದ ಗಾಳಿಯಲ್ಲೇ ನಿಂತಿತು. ಬೈಕು ಹೋಯಿತು. ಆಮೇಲೆ ಹುಡುಗಿ ನಿಧಾನವಾಗಿ ಪೂರ್ತಿ ಹಿಂದಕ್ಕೆ ತಿರುಗಿ, ಅವಳ ಮುಖ ಇರುವ ಎತ್ತರಕ್ಕೆ ಸರಿಯಾಗಿ ಮುಖವೆತ್ತಿ, “ಕೆಮ್ಮಿದ್ದು ನೀವು ತಾನೇ ಟೀಚರ್?” ಎಂದಿದ್ದಳು. ಕಣ್ಣಿಲ್ಲದ ಹುಡುಗಿಯರ ಆ ಶಾಲೆಯಲ್ಲಿ ಅವಳಿಗೆ ಎಲ್ಲರೂ ಲಾಯರಮ್ಮ ಎನ್ನುವುದು. ಮಾತಿಗೆ ಮಾತು ಪೋಣಿಸಿ ಎದುರಿನವರನ್ನು ಕಟಕಟೆಯಲ್ಲಿ ನಿಲ್ಲಿಸುವವಳು. “ಬೈಕು ನಂಗೂ ಕೇಳಿಸಿತ್ತು. ನಾನೂ ನಿಲ್ತಿದ್ದೆ. ಆದ್ರೆ ಈಗ ಅದನ್ನ ಯಾರು ನಂಬ್ತಾರೆ? ನಾನು ನಿಂತಿದ್ದಲ್ಲ, ನೀವು ನಿಲ್ಲಿಸಿದ್ದು.” ನಿಜಕ್ಕೂ ಲಾಯರಮ್ಮ ನಿಲ್ಲುತ್ತಿದ್ದಳೇ? ಅದು ಇನ್ನೆಂದಿಗೂ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗಬಹುದಾಗಿದ್ದ ಒಂದೇ ಒಂದು ಗಳಿಗೆಯನ್ನು ಅವಳು ಕೆಮ್ಮಿ ಕೆಡಿಸಿದ್ದಳು. ರಾತ್ರಿ ಹಾಸಿಗೆಯಲ್ಲಿ ಮಲಗಿ ಎಷ್ಟು ಸಲ ಆ ಪಾದವನ್ನು ಮತ್ತೆ ಎತ್ತಿಸಿ, ಕೆಮ್ಮದೆ ಇದ್ದು, ಏನಾಗುತ್ತದೆಂದು ನೋಡಲು ಯತ್ನಿಸಿದ್ದಳು. ಪಾದ ಪ್ರತಿ ಸಲವೂ ಗಾಳಿಯಲ್ಲೇ ಉಳಿಯುತ್ತಿತ್ತು.

ಆಸ್ಪತ್ರೆಯ ಟೆಲಿಫೋನು ಕೆಲಸ ಲಾಯರಮ್ಮನಿಗೆ ಸಿಗುವುದರಲ್ಲಿತ್ತು. ಬಂದ ಕರೆಯನ್ನು ಎತ್ತಿ ಬೇಕಾದ ವಿಭಾಗಕ್ಕೆ ಕೊಡುವುದು; ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲದೆ ಮಾಡಿ ತೋರಿಸಿದ್ದಳು. ಆದರೆ ಅಲ್ಲಿನ ಮೇಲ್ವಿಚಾರಕಿ ಕಡ್ಡಿ ಮುರಿದ ಹಾಗೆ ಹೇಳಿದ್ದರು: ದಿನಾ ತಾನೇ ಬಂದು ತಾನೇ ಹೋಗೋದಾದ್ರೆ ಕೆಲಸ, ಕರ್ಕೊಂಡು ಬಂದು ಬಿಡೋರು ಬೇಕು ಅಂದ್ರೆ ಬೇಡ. ಬಿಡಲು ಯಾರೂ ಇರಲಿಲ್ಲ. ಲಾಯರಮ್ಮನ ತಾಯಿ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ನಸುಕಿನ ಪಾಳಿ ಮಾಡುವವಳು. ಹೋದ ವಾರದ ನಡಿಗೆ ಆ ಕೆಮ್ಮಿನಿಂದ ಕೆಟ್ಟದ್ದಕ್ಕೆ, ಒಬ್ಬಳೇ ಬಂದು ತೋರಿಸಲು ಮೇಲ್ವಿಚಾರಕಿ ಇವತ್ತಿನವರೆಗೆ ಸಮಯ ಕೊಟ್ಟಿದ್ದರು. ಇವತ್ತು ತಪ್ಪಿದರೆ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂರುತ್ತಾರೆ.

ಶಾಲೆಯ ಬಾಗಿಲಲ್ಲಿ ನಿಂತು ಅವಳು, “ನಾನು ಬಂದೆ” ಎಂದಳು. ಇಲ್ಲಿ ಹಾಗೆ ಹೇಳಲೇಬೇಕು. ಒಳಗೆ ಬಂದವರು ಬಂದೆ ಎನ್ನಬೇಕು, ಹೊರಗೆ ಹೋಗುವವರು ಹೋದೆ ಎನ್ನಬೇಕು, ಕುರ್ಚಿಯಿಂದ ಎದ್ದವರು ಅದನ್ನು ಮೇಜಿನಡಿಗೆ ತಳ್ಳಬೇಕು, ಬಾಗಿಲು ಪೂರ್ತಿ ತೆರೆದಿರಬೇಕು ಇಲ್ಲವೆ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದ ಬಾಗಿಲು ಹಣೆ ಒಡೆಯುತ್ತದೆ. ಮೊದಲ ದಿನ ಅವಳು ಇದೇ ಬಾಗಿಲಲ್ಲಿ ಸುಮ್ಮನೆ ನಿಂತುಬಿಟ್ಟಿದ್ದಳು. ಒಳಗೆ ಹುಡುಗಿಯರು ಚುಕ್ಕೆಗಳ ಮೇಲೆ ಬೆರಳಾಡಿಸಿ ಓದುತ್ತಿದ್ದರು, ಒಬ್ಬಳು ಮತ್ತೊಬ್ಬಳ ಜಡೆ ಹಾಕುತ್ತಿದ್ದಳು, ಯಾರೂ ತನ್ನತ್ತ ನೋಡದ ಒಂದು ಕೋಣೆಯನ್ನು ಅವಳು ಜೀವನದಲ್ಲಿ ಮೊದಲ ಸಲ ಕಣ್ತುಂಬ ನೋಡುತ್ತಿದ್ದಳು. ಎಷ್ಟು ಹೊತ್ತಾಗಿತ್ತೋ, ಜಡೆ ಹಾಕಿಸಿಕೊಳ್ಳುತ್ತಿದ್ದವಳು, “ಬಾಗಿಲಲ್ಲಿ ಯಾರೋ ಉಸಿರಾಡ್ತಾ ಇದಾರೆ. ಉಸಿರಾಡೋರು ಯಾರು ಅಂತ ಹೇಳಬೇಕು, ಇಲ್ಲಾಂದ್ರೆ ಉಸಿರಾಡಬಾರದು” ಅಂದಿದ್ದಳು. ಕೋಣೆ ಘೊಳ್ಳೆಂದು ನಕ್ಕಿತ್ತು. ಮೂಲೆಯಲ್ಲಿ ಕೂತಿದ್ದ ದೊಡ್ಡ ಟೀಚರ್ ಮಾತ್ರ ನಗಲಿಲ್ಲ. ಹುಟ್ಟು ಕುರುಡು ಅವರಿಗೆ. ಈ ಶಾಲೆಯಲ್ಲೇ ಓದಿ, ಇಲ್ಲೇ ಟೀಚರಾಗಿ, ಇದನ್ನು ನಡೆಸುತ್ತಿರುವವರು. “ನೋಡೀಮ್ಮ, ಕಣ್ಣಿರೋರು ಇಲ್ಲಿ ಸುಮ್ಮನೆ ನಿಂತರೆ ನಮ್ಮ ಲೆಕ್ಕದಲ್ಲಿ ಅದು ಕದ್ದು ನೋಡೋದು” ಎಂದಿದ್ದರು. ಅಣ್ಣನ ಮನೆಯಲ್ಲಿ ಯಾವುದು ಮರ್ಯಾದೆಯೋ ಅದು ಇಲ್ಲಿ ಕಳ್ಳತನ. ಆ ಸಂಜೆಯೇ ಕೆಲಸ ಬಿಡುವುದೆಂದುಕೊಂಡಿದ್ದಳು. ಬಿಡುತ್ತೇನೆಂದು ಹೇಳಲೂ ಬಾಯಿ ಬೇಕಾಗಿತ್ತು, ಆದ್ದರಿಂದ ಮಾರನೆಯ ದಿನವೂ ಬಂದಳು.

ಆಮೇಲೊಂದು ದಿನ ದೊಡ್ಡ ಟೀಚರ್ ಅವಳನ್ನು ಉದ್ದನೆಯ ಪಡಸಾಲೆಗೆ ಕರೆದು, “ನನ್ನ ಹಿಂದೆ ನಡೀರಿ” ಎಂದರು. ನಡೆದಳು. ಪಡಸಾಲೆಯ ಕೊನೆಗೆ ಹೋಗಿ ಅವರು ನಿಂತರು. “ಬಂದ್ರಾ?” “ಬಂದೆ.” ಬೆನ್ನಿಗೆ ಅಷ್ಟು ಹತ್ತಿರದಿಂದ ಉತ್ತರ ಬಂದದ್ದಕ್ಕೆ ದೊಡ್ಡ ಟೀಚರ್ ಬೆಚ್ಚಿದರು, ಆಮೇಲೆ ಅವರ ಮುಖ ಬೆಳಗಿತು. ಒಬ್ಬಳೇ ನಡೆಯಲು ಕಲಿತ ಹುಡುಗಿಯನ್ನು ಮೊದಲ ಸಲ ಬೀದಿಗೆ ಬಿಟ್ಟಾಗ ಹಿಂದೆ ಒಬ್ಬರು ಇರಬೇಕಾಗುತ್ತದೆ, ಪ್ರಾಣಕ್ಕೆ ಬಂದರೆ ಎಳೆದುಕೊಳ್ಳಲು. ಇದ್ದಾರೆ ಎಂಬುದು ಹುಡುಗಿಗೂ ಗೊತ್ತಿರುತ್ತದೆ. ಆದರೆ ಎಲ್ಲಿದ್ದಾರೆ, ಎಷ್ಟು ಹತ್ತಿರ ಎಂಬುದು ತಿಳಿಯಬಾರದು. “ಹಿಂದೆ ಕೇಳಿಸೋ ಹೆಜ್ಜೇನೂ ಒಂದು ಕೋಲೇ. ಹುಡುಗೀರು ಅದನ್ನ ಊರಿಕೊಂಡುಬಿಡ್ತಾರೆ. ನಿಮಗಿಂತ ಮುಂಚೆ ಇದ್ದವರದ್ದೆಲ್ಲ ಚಪ್ಪಲಿ ಸದ್ದು, ಬಳೆ ಸದ್ದು, ಒಬ್ಬರದ್ದಂತೂ ಮಂಡಿಯೇ ಕಟಕಟ ಅನ್ನೋದು. ನಿಮ್ಮದು ಏನೂ ಇಲ್ಲ. ಎಲ್ಲಿ ಕಲಿತ್ರಿ?” ಏನು ಹೇಳುವುದು? ಮುಚ್ಚಳದ ಕೆಳಗಿನ ಕಿರುಬೆರಳಿನ ಬಗ್ಗೆ ಹೇಳುವುದೇ? “ಎಲ್ಲಾದ್ರೂ ಕಲಿತಿರಿ. ವಿದ್ಯೆ ವಿದ್ಯೆನೇ” ಎಂದು ದೊಡ್ಡ ಟೀಚರ್ ಅವಳ ಭುಜ ಹುಡುಕಿ ತಟ್ಟಿದರು. ಆ ದಿನ ಮನೆಗೆ ಹೋಗಿ ಪಾತ್ರೆ ತೊಳೆಯುವಾಗ ಅವಳಿಗೆ ತನ್ನ ಕೈಗಳನ್ನೇ ನೋಡಬೇಕೆನಿಸಿತ್ತು.

“ಟೀಚರ್, ಗಂಟಲು ಹೇಗಿದೆ?” ಇವತ್ತು ಲಾಯರಮ್ಮ ಆಗಲೇ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಿಗಿದ ಜಡೆ.

“ಚೆನ್ನಾಗಿದೆ.”

“ದನಿ ಕೇಳಿದ್ರೆ ಹಾಗನ್ನಿಸಲ್ಲ. ಇವತ್ತು ಕೆಮ್ಮಿದ್ರೆ ನಿಮ್ಮನ್ನೇ ಆಸ್ಪತ್ರೆಗೆ ಸೇರಿಸಿ ಬರ್ತೀನಿ, ಹೇಗೂ ಅಲ್ಲಿಗೇ ಹೋಗ್ತಿರೋದು.”

“ಸಾಕು ಹೊರಡು, ಬಾಯಿಗೆ ಕೋಲು ಕೊಟ್ಟಿದ್ರೆ ನೀನು ಇಷ್ಟೊತ್ತಿಗೆ ಊರು ದಾಟಿರ್ತಿದ್ದೆ” ಎಂದರು ದೊಡ್ಡ ಟೀಚರ್. ಆಮೇಲೆ ಬಾಗಿಲಲ್ಲಿದ್ದ ಅವಳ ಕಡೆಗೆ ತಿರುಗಿ ದನಿ ತಗ್ಗಿಸಿದರು. “ಕೇಳಿ ಪಡೆದ ಸಹಾಯ ಸೋಲಲ್ಲ. ಬೇಕಾದವರನ್ನ ಅವಳು ಕೇಳಿಕೊಳ್ಳಲಿ. ಕೇಳದೆ ಬಂದದ್ದು ಮಾತ್ರ ಬೇಡ. ನಿಮ್ಮಿಂದಂತೂ ಬೇಡ.”

ಬೀದಿಯಲ್ಲಿ ಬಿಸಿಲು ಚೆನ್ನಾಗಿತ್ತು. ಲಾಯರಮ್ಮನ ಕೋಲು ಎಡಕ್ಕೂ ಬಲಕ್ಕೂ ನೆಲ ಸವರುತ್ತ ಹೋಗುತ್ತಿತ್ತು, ಕೋಲು ಎಡಕ್ಕೆ ಹೋದಾಗ ಬಲಗಾಲು, ಬಲಕ್ಕೆ ಬಂದಾಗ ಎಡಗಾಲು. ಆ ತಾಳಕ್ಕೆ ತನ್ನ ಪಾದಗಳನ್ನು ಸೇರಿಸಿದರೆ ಇದ್ದಬದ್ದ ಸದ್ದೂ ಮುಚ್ಚಿಹೋಗುತ್ತದೆ ಎಂಬುದನ್ನು ಅವಳು ತಾನೇ ಕಂಡುಕೊಂಡಿದ್ದಳು. ಬೇಕರಿಯ ಹತ್ತಿರ ಲಾಯರಮ್ಮ ಮೂಗರಳಿಸಿ ಎಡಕ್ಕೆ ತಿರುಗಿದಳು, ಸರಿ. ಯಾರೋ ಒಬ್ಬ ಹೆಂಗಸು ಓಡಿಬಂದು, “ಪಾಪ, ಎಲ್ಲಿಗಮ್ಮ?” ಎಂದು ತೋಳು ಹಿಡಿದೇಬಿಟ್ಟಳು. “ಕೆಲಸಕ್ಕೆ. ನೀವೆಲ್ಲಿಗೆ?” ಎಂದು ಲಾಯರಮ್ಮ ತೋಳು ಬಿಡಿಸಿಕೊಂಡಳು. ಹೆಂಗಸು ಪೆಚ್ಚಾಗಿ ಸುತ್ತ ನೋಡಿ, ಹಿಂದೆ ನಿಂತಿದ್ದ ಅವಳನ್ನೇ ‘ಕಂಡೆಯಾ’ ಎಂಬಂತೆ ದಿಟ್ಟಿಸಿದಳು. ಕಣ್ಣಿದ್ದೂ ಕೈಕಟ್ಟಿ ನಿಂತವಳು ಎಂಬ ಬೈಗುಳ ಆ ನೋಟದಲ್ಲಿತ್ತು. ಅವಳು ತಲೆ ತಗ್ಗಿಸಿದಳು. ತಗ್ಗಿಸಿದ ಮೇಲೆ ಯಾಕೆ ತಗ್ಗಿಸಿದೆ ಎಂದುಕೊಂಡಳು. ಫುಟ್‌ಪಾತಿಗೆ ಅಡ್ಡ ನಿಲ್ಲಿಸಿದ್ದ ಸೈಕಲ್ಲು ಮುಂದೆ ಕಾಣುತ್ತಿತ್ತು. ಕೋಲು ಅದರ ಎರಡು ಗಾಲಿಗಳ ನಡುವಿನ ಸಂದಿನಲ್ಲಿ ತೂರಿತು, ಏನೂ ಇಲ್ಲವೆಂದು ಸುಳ್ಳು ಹೇಳಿತು, ಪೆಡಲ್ಲು ಲಾಯರಮ್ಮನ ಮೊಣಕಾಲಿಗೆ ಬಡಿಯಿತು. ನೋವು ಹಿಂದೆ ಬರುತ್ತಿದ್ದ ಅವಳ ಹಲ್ಲುಗಳಲ್ಲಿ ಆಯಿತು. ಕೈ ತಾನಾಗಿ ಮುಂದೆ ಹೋಗಿತ್ತು. ಹೋದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ವಾಪಸು ತಂದಳು. ಲಾಯರಮ್ಮ ಬಗ್ಗಿ ಕಾಲು ಉಜ್ಜಿಕೊಂಡು, ಸೈಕಲ್ಲನ್ನು ಮುಟ್ಟಿ ಮುಟ್ಟಿ ನೋಡಿ, “ಯಾವನಪ್ಪಾ ನೀನು” ಎಂದು ಅದಕ್ಕೇ ಬೈದು, ಸುತ್ತುಹಾಕಿ ಮುಂದೆ ಹೋದಳು. ಹಾಗೆ ಹೋಗುವಾಗ ಒಂದು ಕ್ಷಣ ನಿಂತು ತಲೆ ಓರೆ ಮಾಡಿದಳು. ತನ್ನನ್ನೇ ಹುಡುಕುತ್ತಿದ್ದಾಳೆ ಎಂದು ಅವಳಿಗೆ ತಿಳಿಯಿತು. ಉಸಿರನ್ನು ಬಾಯಿಂದ ಬಿಡುತ್ತ ನಿಂತಳು. ಸಿಗಲಿಲ್ಲ. ಲಾಯರಮ್ಮ ಮುಂದೆ ಸಾಗಿದಳು, ಸ್ವಲ್ಪ ನಿಧಾನವಾಗಿ. ನಾನಿಲ್ಲಿದ್ದೇನೆ ಎಂದು ಒಂದೇ ಒಂದು ಸಲ ಹೇಳಿದ್ದರೆ ಆ ಭುಜಗಳು ಎಷ್ಟು ಹಗುರಾಗುತ್ತಿದ್ದವು. ಅದನ್ನು ಹೇಳದಿರುವುದೇ ತನ್ನ ಕೆಲಸ. ಇಂಥದೊಂದು ಕೆಲಸ ಜಗತ್ತಿನಲ್ಲಿದೆಯೆಂದು ಅಣ್ಣನಿಗೆ ಹೇಗೆ ತಿಳಿಸಿ ಹೇಳುವುದು?

ಅಂಗಡಿ ತೆರೆದಿತ್ತು. ನೋಡುವುದಕ್ಕೆ ಮೊದಲೇ ಕೇಳಿಸಿತು. ನಾಲ್ಕು ರಸ್ತೆ ಕೂಡುವಲ್ಲಿ, ದಾಟಬೇಕಾದ ಜಾಗಕ್ಕೆ ಸರಿಯಾಗಿ, ಅಣ್ಣ ಎರಡು ದೊಡ್ಡ ಸ್ಪೀಕರುಗಳನ್ನು ಫುಟ್‌ಪಾತಿಗೇ ತಂದಿಟ್ಟು ಮೈಕು ಹಿಡಿದು, “ಹಲೋ, ಹಲೋ, ಮೈಕ್ ಟೆಸ್ಟಿಂಗ್” ಎನ್ನುತ್ತಿದ್ದ. ಎದೆಯೊಳಗೆ ಗುದ್ದಿದಂತೆ ಆ ದನಿ ಬೀದಿಯನ್ನು ತುಂಬಿತ್ತು. ಲಾಯರಮ್ಮ ರಸ್ತೆಯಂಚಿಗೆ ಬಂದು ಕೋಲನ್ನು ಮುಂದಿಟ್ಟು ನಿಂತಳು. ಅವಳ ಮುಖ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ. ಆ ಕಿವಿಗಳಿಗೆ ಬಸ್ಸಿರಲಿಲ್ಲ, ಬೈಕಿರಲಿಲ್ಲ, ಬರೀ ಅಣ್ಣನಿದ್ದ. ಹೋದ ವಾರದ ಪಾದ ಎದ್ದ ಜಾಗ ಇದೇ. ಆಗ ಕಿವಿಯಾದರೂ ಇತ್ತು ಹುಡುಗಿಗೆ, ಈಗ ಅದನ್ನೂ ಅಣ್ಣ ಕಿತ್ತುಕೊಂಡಿದ್ದ. ಗಂಟಲು ಕೆರೆಯಿತು. ಈ ಗದ್ದಲದಲ್ಲಿ ಕೆಮ್ಮಿದರೂ ಕೇಳಿಸುವುದಿಲ್ಲ ಎನಿಸಿ ನಗು ಬಂದಂತಾಯಿತು, ನಗುವಿನ ಜೊತೆಗೆ ಕಣ್ಣಲ್ಲಿ ನೀರೂ ಬಂತು. ಅಷ್ಟರಲ್ಲಿ ಅಣ್ಣ ಅವಳನ್ನು ನೋಡಿದ.

ನೋಡಿ ಅವನ ಮುಖ ಅರಳಿತು. ಬೀದಿಯಲ್ಲಿ ಮನೆಯವರನ್ನು ಕಂಡಾಗ ಅವನಿಗೆ ಯಾವಾಗಲೂ ಹಾಗೆಯೇ. ಮೈಕು ಇನ್ನೂ ಬಾಯಿಯ ಹತ್ತಿರವೇ ಇತ್ತು, “ಏನೇ ಪು...” ಎಂಬಷ್ಟು ಹೊರಬಿದ್ದಿತ್ತು. ಅವಳು ಕೈ ಎತ್ತಿದಳು. ಅಂಗೈ ಅವನ ಕಡೆಗೆ, ತೋಳು ನೇರ, ಟ್ರಾಫಿಕ್ ಪೊಲೀಸರ ಹಾಗೆ. ಹುಟ್ಟಿದಾಗಿನಿಂದ ಅಣ್ಣನ ಎದುರು ಅವಳು ಕೈ ಎತ್ತಿದ್ದಿಲ್ಲ. ಈ ಕೈ ಯಾರದೆಂದು ಅವಳಿಗೇ ಅನಿಸಿತು. ಅಣ್ಣನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಅವನ ಕಣ್ಣುಗಳು ಅವಳಿಂದ ಬಿಳಿ ಕೋಲಿಗೆ, ಕೋಲಿನಿಂದ ರಸ್ತೆಗೆ ಹೋಗಿ ಬಂದವು. ಏನೋ ಅರ್ಥವಾದವನಂತೆ ಅವನು ಸ್ವಿಚ್ಚಿನತ್ತ ಕೈ ಚಾಚಿದ.

ನಿಲ್ಲಿಸಲಿ. ನಿಲ್ಲಿಸಿದರೆ ಎಲ್ಲ ಸುಲಭ. ಬೀದಿಗೆ ಕಿವಿ ಮರಳುತ್ತದೆ, ಲಾಯರಮ್ಮ ದಾಟುತ್ತಾಳೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಈ ಸಲ ಕೆಮ್ಮಿದ್ದು ಅಣ್ಣ ಎಂದಾಗುತ್ತದೆ, ಅಷ್ಟೆ. ನಾಳೆ? ನಾಳೆ ಹಿಂದೆ ಯಾರೂ ಇರುವುದಿಲ್ಲ. ನಾಳೆಯೂ ಈ ಅಂಗಡಿ ಇರುತ್ತದೆ, ಇಲ್ಲಿಲ್ಲದಿದ್ದರೆ ಇನ್ನೊಂದು ಮೂಲೆಯಲ್ಲಿ ಇನ್ನೊಬ್ಬನ ಅಂಗಡಿ. ಅವಳು ತಲೆಯಾಡಿಸಿದಳು. ಬೇಡ. ಅಣ್ಣ ಹುಬ್ಬೇರಿಸಿದ. ಅವಳು ಬೆರಳುಗಳನ್ನು ಬಾಯಿಯ ಹತ್ತಿರ ತಂದು ಹೂವಿನ ಹಾಗೆ ಬಿಡಿಸಿ ಬಿಡಿಸಿ ತೋರಿಸಿದಳು: ಮಾತಾಡು, ಮಾತಾಡುತ್ತಿರು. ತನ್ನ ತಂಗಿಗೆ ಹುಚ್ಚು ಹಿಡಿದಿದೆಯೆಂದು ಆ ಕ್ಷಣ ಅಣ್ಣನಿಗೆ ಖಾತ್ರಿಯಾಗಿರಬೇಕು. ಆದರೂ ಆ ಎತ್ತಿದ ಕೈಯಲ್ಲಿ ಏನಿತ್ತೋ, ಅವನು ಮೈಕನ್ನು ಮತ್ತೆ ಬಾಯಿಗೆ ಹಿಡಿದು, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ, “ಹಲೋ... ಹಲೋ... ಒಂದು... ಎರಡು...” ಎನ್ನತೊಡಗಿದ. ಮೂರು ನಾಲ್ಕು ಆಯಿತು. ಲಾಯರಮ್ಮ ನಿಂತೇ ಇದ್ದಳು. ಕೋಲು ಹಿಡಿದ ಮುಷ್ಟಿ ಬಿಗಿದು ಬೆಳ್ಳಗಾಗಿತ್ತು. ಒಂದು ಬಸ್ಸು ಅವಳ ಮುಂದೆ ಹಾದು ಹೋಯಿತು. ಅದರ ಗಾಳಿ ತಾಗಿ ಅವಳು ಒಂದು ಹೆಜ್ಜೆ ಹಿಂದಕ್ಕೆ ಬಂದಳು. ಬಂದು ಒಂದು ಗಳಿಗೆ ಯೋಚಿಸಿ, ರಸ್ತೆಗೆ ಬೆನ್ನು ಹಾಕಿ, ನೇರ ಆ ಗದ್ದಲದ ಕಡೆಗೇ ನಡೆಯತೊಡಗಿದಳು.

ಕೋಲು ಸ್ಪೀಕರಿನ ಮರದ ಪೆಟ್ಟಿಗೆಗೆ ತಾಗಿತು. ಲಾಯರಮ್ಮ ಅದನ್ನು ಅಂಗೈಯಿಂದ ಎರಡು ಸಲ ಬಡಿದಳು, ಬಾಗಿಲು ಬಡಿದ ಹಾಗೆ. “ಅಂಗಡಿಯವರೇ.”

ಅಣ್ಣ ಮೈಕು ಇಳಿಸಿದ. ಸ್ಪೀಕರುಗಳು ಮಾತ್ರ ಗುಂಯ್ ಎಂದು ಕಿರುಚುತ್ತಲೇ ಇದ್ದವು. ಅವಳು ಆ ಹೊತ್ತಿಗೆ ಅಣ್ಣನ ಪಕ್ಕದಲ್ಲೇ, ಲಾಯರಮ್ಮ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಂದು ನಿಂತಿದ್ದಳು. ತುಟಿಯ ಮೇಲೆ ಬೆರಳಿಟ್ಟು ಅಣ್ಣನನ್ನೇ ನೋಡುತ್ತಿದ್ದಳು.

“ಅಂಗಡಿಯವರೇ, ಇದನ್ನ ಸ್ವಲ್ಪ ಹೊತ್ತು ನಿಲ್ಲಿಸ್ತೀರಾ? ನಾನು ರಸ್ತೆ ದಾಟಬೇಕು. ನಿಮ್ಮ ಹಲೋ ಬಿಟ್ಟು ನಂಗೆ ಇನ್ನೇನೂ ಕೇಳಿಸ್ತಿಲ್ಲ.”

“ಆ... ಹ್ಞೂಂ... ನಾನೇ ದಾಟಿಸ್ತೀನಿ ತಡಿ” ಎಂದು ಅಣ್ಣ ಸ್ಟೂಲಿನಿಂದ ಎದ್ದ.

“ಬೇಡ ಬೇಡ, ನೀವು ಅಂಗಡಿ ನೋಡ್ಕೊಳ್ಳಿ. ದಾಟೋದು ನಂಗೊತ್ತು. ಸದ್ದು ನಿಲ್ಸೋದು ಒಂದು ನಿಮ್ಮ ಕೈಲಿದೆ.” ಆಮೇಲೆ, ಉತ್ತರ ಬರದಿದ್ದುದಕ್ಕೆ, “ಕೇಳಿಸ್ತಾ? ಇಷ್ಟೊತ್ತು ಅದರ ಪಕ್ಕ ಕೂತು ನಿಮಗೂ ಕಿವಿ ಹೋಯ್ತಾ?”

ಅಣ್ಣ ಸ್ವಿಚ್ಚು ಆರಿಸಿದ. ಬೀದಿ ದಿಢೀರನೆ ದೊಡ್ಡದಾಯಿತು. ದೂರದ ಹಾರ್ನು, ಪಕ್ಕದ ಸೆಲೂನಿನ ಕತ್ತರಿ, ಯಾರದೋ ಚಪ್ಪಲಿ, ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತವು. ಅಣ್ಣ ಒಮ್ಮೆ ಹುಡುಗಿಯನ್ನೂ ಒಮ್ಮೆ ತಂಗಿಯನ್ನೂ ನೋಡುತ್ತಿದ್ದ. ಅವನ ತುಟಿ ಬಿಚ್ಚುತ್ತಿತ್ತು, ಅವಳ ಕಣ್ಣು ಕಂಡು ಮುಚ್ಚುತ್ತಿತ್ತು. ಇಷ್ಟು ಹತ್ತಿರದಲ್ಲಿ ತನ್ನ ಎದೆಬಡಿತವೇ ಕೇಳಿಸೀತು ಎಂದು ಅವಳಿಗೆ ಭಯವಾಯಿತು. “ಥ್ಯಾಂಕ್ಸ್” ಎಂದು ಲಾಯರಮ್ಮ ತಿರುಗಿದಳು. ರಸ್ತೆಯಂಚಿಗೆ ಹೋಗಿ ನಿಂತಳು. ಒಂದು ಕಾರು ಹೋಯಿತು. ಅದರ ಹಿಂದೆ ಬಿಡುವಿತ್ತು, ದಾಟಬಹುದಾಗಿತ್ತು, ಲಾಯರಮ್ಮ ದಾಟಲಿಲ್ಲ. ಹಿಂದೆ ಬಂದು ನಿಂತಿದ್ದ ಅವಳಿಗೆ ‘ಈಗ, ಈಗ’ ಎನಿಸಿತು, ಕಾಲ್ಬೆರಳುಗಳು ನೆಲ ಕಚ್ಚಿದವು. ಮೂಲೆಯಿಂದ ಒಂದು ಬೈಕು ತಿರುಗಿ ಬಂತು. ಅದು ಬರುವುದು ಅವಳಿಗೆ ಕಂಡಿರಲಿಲ್ಲ. ಲಾಯರಮ್ಮನಿಗೆ ಕೇಳಿಸಿತ್ತು. ಬೈಕು ದಾಟಿ, ಅದರ ಸದ್ದು ಸಣ್ಣದಾಗಿ, ಇಲ್ಲವಾಗುವವರೆಗೂ ಆ ಹುಡುಗಿ ಕಲ್ಲಿನ ಹಾಗೆ ನಿಂತಿದ್ದಳು, ಎರಡೂ ಪಾದ ನೆಲದ ಮೇಲೆ. ಯಾರೂ ಕೆಮ್ಮಿರಲಿಲ್ಲ. ಆಮೇಲೆ ಕೋಲನ್ನು ಗಾಡಿಯವರಿಗೆ ಕಾಣುವಂತೆ ಎದೆಯ ನೇರಕ್ಕೆ ಒಮ್ಮೆ ಎತ್ತಿ ತೋರಿಸಿ, ರಸ್ತೆಗಿಳಿದು, ಓಡದೆ, ತಡವರಿಸದೆ, ಅಳತೆ ತಪ್ಪದ ಹೆಜ್ಜೆಯಲ್ಲಿ ದಾಟಿದಳು. ಆ ಬದಿಯ ಅಂಚನ್ನು ಕೋಲು ಮುಟ್ಟಿದ ಸದ್ದು ಈ ಬದಿಗೂ ಕೇಳಿಸಿತು.

ಆಸ್ಪತ್ರೆಯಲ್ಲಿ ಲಾಯರಮ್ಮ ಮೇಲ್ವಿಚಾರಕಿಯ ಕೋಣೆಗೆ ಹೋದಾಗ ಅವಳು ಬಾಗಿಲ ಹೊರಗೇ ನಿಂತಳು. “ಯಾರ ಜೊತೆ ಬಂದೆ?” ಎಂದು ಕೇಳಿದ್ದು ಕೇಳಿಸಿತು. “ನನ್ನ ಜೊತೆ” ಎಂದಳು ಲಾಯರಮ್ಮ. ಮೇಲ್ವಿಚಾರಕಿ ಕನ್ನಡಕದ ಮೇಲಿಂದ ಬಾಗಿಲಾಚೆಗೆ ನೋಡಿದರು, ಹೌದೇ ಎಂಬಂತೆ. ಅವಳು ಹೌದೆಂದು ತಲೆಯಾಡಿಸಿದಳು. ಒಮ್ಮೆ ಆಡಿಸಿದರೆ ಸಾಕಾಗಿತ್ತು, ಕತ್ತು ತಾನಾಗಿ ಮತ್ತೆ ಮತ್ತೆ ಆಡುತ್ತಿತ್ತು.

“ಸರಿ, ನಾಳೆಯಿಂದ ಬಾ ಹಾಗಾದ್ರೆ.”

“ಬಂದಿದೀನಲ್ಲ ಮೇಡಂ, ಇವತ್ತಿಂದಲೇ ಕೂತರೆ ಆಗಲ್ವಾ? ಬಂದು ಬರೀ ಮುಖ ತೋರಿಸಿ ಹೋಗೋಕೆ ಇಷ್ಟು ಕಷ್ಟ ಪಡಬೇಕಿತ್ತಾ?”

ಮೇಲ್ವಿಚಾರಕಿ ನಕ್ಕು ಎದ್ದರು. ಅವರು ಎದ್ದ ಮೇಲೆ ಅವಳು ಒಳಗೆ ಕಾಲಿಟ್ಟು, ತಾನು ಬಂದಿರುವುದನ್ನು ಹೇಳಿದಳು. ಲಾಯರಮ್ಮ ದನಿ ಬಂದ ಕಡೆಗೆ ತಿರುಗಿದಳು. “ಎಲ್ಲೂ ಸಿಗಲಿಲ್ಲ ನೀವು. ಸೈಕಲ್ ಹತ್ರ ಕಿವಿ ಕೊಟ್ಟು ಹುಡುಕಿದೆ. ಬಂದೇ ಇಲ್ಲ ಅಂದ್ಕೊಂಡೆ ಟೀಚರ್. ಸ್ವಲ್ಪ ಹೆದರಿಕೆ ಆಯ್ತು. ಆಮೇಲೆ, ಬರದಿದ್ರೆ ಏನೀಗ ಅನ್ನಿಸ್ತು” ಎಂದಳು. ಅವಳಿಗೆ ಅದಕ್ಕಿಂತ ದೊಡ್ಡ ಬಿರುದು ಯಾರೂ ಕೊಟ್ಟಿರಲಿಲ್ಲ. “ಆ ಮೈಕಿನವನ ಹತ್ರ ಇದ್ರಾ ನೀವು? ಒಳ್ಳೆ ಮನುಷ್ಯ ಅನ್ನಿಸ್ತು. ಮಾತು ಮಾತ್ರ ಬರಲ್ಲ ಪಾಪ.”

ಅವಳು ಆಸ್ಪತ್ರೆ ಎಂಬುದನ್ನೂ ಮರೆತು ಜೋರಾಗಿ ನಕ್ಕಳು. ನಗುವಿನ ಹಿಂದೆಯೇ ಬೆಳಗಿನಿಂದ ತಡೆದಿಟ್ಟ ಕೆಮ್ಮು ಬಂತು, ಒಂದರ ಮೇಲೊಂದು, ಕಣ್ಣಲ್ಲಿ ನೀರು ಬರುವವರೆಗೆ. ಲಾಯರಮ್ಮ ಮುಗಿಯುವವರೆಗೆ ಕಾದು, “ಈಗ ಎಷ್ಟು ಬೇಕಾದ್ರೂ ಕೆಮ್ಮಿ” ಎಂದು ಅಪ್ಪಣೆ ಕೊಟ್ಟು, ಮೇಲ್ವಿಚಾರಕಿಯ ಮೊಣಕೈ ಹಿಡಿದು ಟೆಲಿಫೋನಿನ ಕೋಣೆಗೆ ಹೋದಳು.

ವಾಪಸು ಬರುವಾಗ ಅಂಗಡಿಯ ಮುಂದೆ ಸ್ಪೀಕರುಗಳು ಸುಮ್ಮನೆ ನಿಂತಿದ್ದವು. ಅಣ್ಣ ಸ್ಟೂಲಿನ ಮೇಲೆ, ಮೈಕು ತೊಡೆಯ ಮೇಲೆ. ಅಷ್ಟು ಹೊತ್ತೂ ಅವನು ಹಾಗೆಯೇ ಕೂತಿದ್ದನೇನೋ.

“ಹೋಗಿ ಸೇರಿದಳಾ?” ಎಂದ. ಅಷ್ಟು ಮೆಲ್ಲಗೆ ಅಣ್ಣ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

“ಸೇರಿದಳು. ಕೆಲಸಕ್ಕೂ ಕೂತಳು.”

“ಆ ಬೈಕು ಬಂದಾಗ ನಾನು ಕೂಗೇಬಿಡ್ತಿದ್ದೆ ಕಣೇ. ನೀನು ಹೇಗೆ ನಿಂತಿದ್ದೆ?” ಮೈಕಿನ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅವನೇ, “ದಿನಾ ಹೀಗೇನಾ ನಿನ್ನ ಕೆಲಸ?” ಎಂದ.

“ದಿನಾ ಇರಲ್ಲ. ಆದ್ರೆ ಇದೇ ನನ್ನ ಕೆಲಸ.”

ಅಣ್ಣ ತಲೆಯಾಡಿಸಿದ. ಸ್ವಿಚ್ಚಿನ ಮೇಲೆ ಬೆರಳಿಟ್ಟು, ಒತ್ತದೆ, ಅವಳ ಮುಖ ನೋಡಿದ. “ಹಾಕಲಾ ಇನ್ನು? ಸಂಜೆ ಬಾಡಿಗೆಗೆ ಹೋಗ್ಬೇಕು ಇವು.” ತನ್ನ ಅಂಗಡಿಯಲ್ಲಿ ಕೂತು ಅವನು ಅವಳ ಒಪ್ಪಿಗೆ ಕೇಳುತ್ತಿದ್ದ.

“ಹಾಕು ಅಣ್ಣ.”

ಅವನು ಸ್ವಿಚ್ಚು ಒತ್ತಿದ. ಏನೋ ನೆನಪಾದವನ ಹಾಗೆ ಅವಳ ಕಡೆ ಬಾಗಿ, ಮೈಕನ್ನು ಕೈಯಲ್ಲಿ ಹಿಡಿದೇ, ಕಿವಿಯ ಹತ್ತಿರ ಪಿಸುಗುಟ್ಟಿದ: “ನಾಳೆ ಆ ಹುಡುಗಿ ಬರೋ ಹೊತ್ತಿಗೆ ಮೊದಲೇ ನಿಲ್ಲಿಸಿಟ್ಟಿರ್ತೀನಿ ಬಿಡು.”

“ಬೇಡ. ನಿಲ್ಲಿಸ್ಬೇಕಾದ್ರೆ ಅವಳೇ ಬಂದು ಹೇಳ್ತಾಳೆ.”

ಅಣ್ಣನ ಕೈಯ ಮೈಕು ಅವಳ ಬಾಯಿಯ ಹತ್ತಿರವೇ ಇತ್ತು; ಅವಳ ಮಾತು ಎರಡೂ ಸ್ಪೀಕರುಗಳಿಂದ ಹೊರಟು, ಎದುರಿನ ಗೋಡೆಗೆ ಬಡಿದು, ನಾಲ್ಕೂ ರಸ್ತೆಗೆ ಹರಡಿತು. ಸೆಲೂನಿನವನು ಕತ್ತರಿ ಹಿಡಿದೇ ಹೊರಗೆ ಬಂದು ಇಣುಕಿದ. ರಸ್ತೆ ದಾಟುತ್ತಿದ್ದ ಇಬ್ಬರು ಯಾರ ದನಿಯೆಂದು ತಿರುಗಿ ನೋಡಿದರು. ಅಣ್ಣ ಗಾಬರಿಯಿಂದ ಮೈಕನ್ನು ಅಂಗೈಯಲ್ಲಿ ಮುಚ್ಚಿಕೊಳ್ಳಲು ಹೋದ. ಅವಳು ಅವನ ಮಣಿಕಟ್ಟು ಹಿಡಿದು ಬೇಡವೆಂದಳು, ಮತ್ತು ತಿರುಗಿ ನೋಡಿದವರು ನೋಡಿ ಮುಗಿಸುವವರೆಗೂ ಅಲ್ಲೇ ನಿಂತಿದ್ದಳು.